ಸಿಮ್ಯುಲೇಟರ್ ಒಳಗಿನ ಪ್ರೋಗ್ರಾಂಗೆ ಹೋಸ್ಟ್‌ನ ಸಿಸ್ಟಂ ಕಾಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಚಿಕ್ಕಮಗಳೂರು ಕಡೆಯ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಪ್ರಾಜೆಕ್ಟ್ ಹೊತ್ತಿಗೆ ಕೇಳುವ ಪ್ರಶ್ನೆಗಳು ಇವು. ಕೆಲವು ಲ್ಯಾಬ್‌ನಲ್ಲಿ ಕೇಳಿದ್ದು, ಕೆಲವು ಮೇಲ್‌ನಲ್ಲಿ ಬಂದದ್ದು. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟಿದ್ದೇನೆ. ಸಿಮ್ಯುಲೇಟರ್ ಒಳಗೆ ಓಡುವ ಪ್ರೋಗ್ರಾಂ ಗೆಸ್ಟ್, ಸಿಮ್ಯುಲೇಟರನ್ನು ಓಡಿಸುವ ನಿಮ್ಮ ನಿಜವಾದ ಕಂಪ್ಯೂಟರ್ ಹೋಸ್ಟ್. ಬೇರೆ ಹೇಳದಿದ್ದರೆ ಗೆಸ್ಟ್ 64 ಬಿಟ್ ರಿಸ್ಕ್-ಫೈವ್ ಎಂಬ ಬಗೆಯ ಪ್ರೊಸೆಸರ್‌ಗೆ ಬರೆದದ್ದು, ಹೋಸ್ಟ್ ಇಂಟೆಲ್ ಅಥವಾ ಎಎಂಡಿ ಲ್ಯಾಪ್‌ಟಾಪ್‌ನ 64 ಬಿಟ್ ಲಿನಕ್ಸ್ ಎಂದುಕೊಳ್ಳಿ.

## ಮೊದಲ ಸಲ ನೋಡುವವರಿಗೆ

ಮೇಡಂ, ಸಿಮ್ಯುಲೇಟರ್ ಒಳಗೆ ಲಿನಕ್ಸ್ ಹಾಕೇ ಇಲ್ಲ. ಆದ್ರೂ ಪ್ರಿಂಟ್‌ಎಫ್ ಹೇಗೆ ಕೆಲಸ ಮಾಡುತ್ತೆ?

ಪ್ರಿಂಟ್‌ಎಫ್ ತಾನಾಗಿ ಸ್ಕ್ರೀನ್ ಮೇಲೆ ಏನನ್ನೂ ಬರೆಯುವುದಿಲ್ಲ. ಅಕ್ಷರಗಳನ್ನು ಮೆಮೊರಿಯಲ್ಲಿ ಜೋಡಿಸಿಟ್ಟು, ಕೊನೆಗೆ ರೈಟ್ ಎಂಬ ಸಿಸ್ಟಂ ಕಾಲ್ ಮಾಡುತ್ತದೆ. ಸಿಸ್ಟಂ ಕಾಲ್ ಎಂದರೆ ಓಎಸ್‌ನ ತಿರುಳಾದ ಕರ್ನಲ್‌ಗೆ 'ಈ ಕೆಲಸ ಮಾಡಿಕೊಡು' ಎಂದು ಪ್ರೋಗ್ರಾಂ ಕೇಳುವುದು. ರಿಸ್ಕ್-ಫೈವ್ ಲಿನಕ್ಸ್‌ನಲ್ಲಿ ಅದರ ನಂಬರ್ 64. ಆ 64 ಎ7 ರಿಜಿಸ್ಟರ್‌ಗೆ ಹೋಗುತ್ತದೆ. ಎ0ದಲ್ಲಿ ಫೈಲ್ ನಂಬರ್, ಎ1ರಲ್ಲಿ ಬಫರ್ ವಿಳಾಸ, ಎ2ರಲ್ಲಿ ಉದ್ದ. ಆಮೇಲೆ ಇಕಾಲ್ ಎಂಬ ಒಂದು ಇನ್‌ಸ್ಟ್ರಕ್ಷನ್.

ನಿಜವಾದ ಚಿಪ್‌ನಲ್ಲಿ ಇಕಾಲ್ ಬಂದ ಕೂಡಲೇ ಕರ್ನಲ್ ಏಳುತ್ತದೆ. ಸಿಮ್ಯುಲೇಟರ್‌ನಲ್ಲಿ ಕರ್ನಲ್ ಇಲ್ಲ. ಹಾಗಾಗಿ ಸಿಮ್ಯುಲೇಟರೇ ಅಲ್ಲಿ ನಿಂತು ಎ7 ನೋಡುತ್ತದೆ, ಗೆಸ್ಟ್‌ನ ಮೆಮೊರಿಯಿಂದ ಅಕ್ಷರಗಳನ್ನು ಎತ್ತಿಕೊಳ್ಳುತ್ತದೆ, ತನ್ನ ಹೆಸರಿನಲ್ಲಿ ಹೋಸ್ಟ್‌ಗೆ ರೈಟ್ ಮಾಡುತ್ತದೆ. ಬಂದ ಉತ್ತರವನ್ನು ಎ0ದಲ್ಲಿ ಇಟ್ಟು ಮುಂದಿನ ಇನ್‌ಸ್ಟ್ರಕ್ಷನ್‌ಗೆ ಹೋಗುತ್ತದೆ. ತೋಟದ ಮನೆಯವರು ಪೇಟೆಗೆ ಹೊರಟವರ ಕೈಲಿ ಚೀಟಿ ಕೊಟ್ಟು ಸಾಮಾನು ತರಿಸಿದ ಹಾಗೆ. ಚೀಟಿ ಬರೆದವರು ಪೇಟೆ ಮುಖ ನೋಡುವುದೇ ಇಲ್ಲ. ಸಾಮಾನು ಸರಿಯಾಗಿ ಬರುವುದು ಬಿಡುವುದು ಚೀಟಿ ಓದಿದವರ ಮೇಲಿದೆ. ಕೆಳಗಿನ ಹೆಚ್ಚಿನ ಪ್ರಶ್ನೆಗಳು ಹುಟ್ಟುವುದು ಆ ಓದುವ ಕೆಲಸದಲ್ಲೇ.

ಇಷ್ಟೆಲ್ಲ ಯಾಕೆ? ಇಡೀ ಲಿನಕ್ಸ್ ಬೂಟ್ ಮಾಡಿದ್ರೆ ಆಗಲ್ವಾ?

ಆಗುತ್ತದೆ. ಆದರೆ ಕ್ಯಾಶ್, ಪೈಪ್‌ಲೈನ್ ಎಲ್ಲವನ್ನೂ ವಿವರವಾಗಿ ಲೆಕ್ಕ ಹಾಕುವ ಸಿಮ್ಯುಲೇಟರ್ ಸೆಕೆಂಡಿಗೆ ಕೆಲವು ಲಕ್ಷ ಇನ್‌ಸ್ಟ್ರಕ್ಷನ್ ಓಡಿಸಿದರೆ ಅದೇ ಹೆಚ್ಚು. ಲಿನಕ್ಸ್ ಬೂಟ್ ಆಗಲು ಕೋಟಿಗಟ್ಟಲೆ ಇನ್‌ಸ್ಟ್ರಕ್ಷನ್ ಬೇಕು. ಜೊತೆಗೆ ಕರ್ನಲ್, ಡಿಸ್ಕ್ ಇಮೇಜ್, ಬೂಟ್‌ಲೋಡರ್, ಡಿವೈಸ್ ಟ್ರೀ ಎಲ್ಲ ಹೊಂದಿಸಬೇಕು. ಮಳೆಗಾಲದಲ್ಲಿ ಸಕಲೇಶಪುರ, ಮೂಡಿಗೆರೆ ಕಡೆ ಕೂತು, ಬ್ಯಾಟರಿ ಹೋದ ಲ್ಯಾಪ್‌ಟಾಪ್‌ನಲ್ಲಿ ಇದನ್ನು ಮಾಡಿ ನೋಡಿ. ಬೂಟ್ ಮುಗಿಯುವ ಮೊದಲೇ ಕರೆಂಟ್ ಹೋಗಿರುತ್ತದೆ.

ನಿಮಗೆ ಬೇಕಿರುವುದು ಮ್ಯಾಟ್ರಿಕ್ಸ್ ಗುಣಾಕಾರ ಎಷ್ಟು ಸೈಕಲ್ ತೆಗೆದುಕೊಂಡಿತು ಅನ್ನುವುದು ಮಾತ್ರ. ಆ ಪ್ರೋಗ್ರಾಂ ಫೈಲ್ ಓದುವುದು ಒಮ್ಮೆ, ಉತ್ತರ ಬರೆಯುವುದು ಒಮ್ಮೆ. ಅಷ್ಟಕ್ಕೆ ಹೋಸ್ಟ್‌ನ ಸಹಾಯ ಸಾಕು. ಜೆಮ್5 ಎಂಬ ಸಿಮ್ಯುಲೇಟರ್‌ನಲ್ಲಿ ಎಸ್‌ಇ, ಎಫ್ಎಸ್ ಅಂತ ಎರಡು ಮೋಡ್ ಇರುವುದು ಇದಕ್ಕೇ. ಎಸ್‌ಇ ಎಂದರೆ ಸಿಸ್ಟಂ ಕಾಲ್‌ಗಳನ್ನು ಸಿಮ್ಯುಲೇಟರೇ ನಿಭಾಯಿಸುವುದು, ಎಫ್ಎಸ್ ಎಂದರೆ ಇಡೀ ಓಎಸ್ ಓಡಿಸುವುದು. ಕ್ಯೂಎಮು ಎಂಬ ಎಮ್ಯುಲೇಟರ್‌ನಲ್ಲಿಯೂ ಯೂಸರ್ ಮೋಡ್, ಸಿಸ್ಟಂ ಮೋಡ್ ಅಂತ ಇದೇ ಎರಡು ದಾರಿ.

ಸ್ಪಿಮ್‌ನಲ್ಲಿ 4 ಹಾಕಿದ್ರೆ ಸ್ಟ್ರಿಂಗ್ ಪ್ರಿಂಟ್ ಆಗ್ತಿತ್ತು. ಅದೇ ಕೋಡ್ ನಿಜವಾದ ಲಿನಕ್ಸ್‌ನಲ್ಲಿ ಯಾಕೆ ಓಡಲ್ಲ?

ಸ್ಪಿಮ್‌ನ ನಂಬರ್‌ಗಳು ಸ್ಪಿಮ್‌ನದೇ. ಜೇಮ್ಸ್ ಲಾರಸ್ ಅದನ್ನು ಬರೆದದ್ದು ಮಿಪ್ಸ್ ಅಸೆಂಬ್ಲಿ ಕಲಿಸಲು. 1 ಹಾಕಿದರೆ ಸಂಖ್ಯೆ ಪ್ರಿಂಟ್, 4ಕ್ಕೆ ಸ್ಟ್ರಿಂಗ್, 5ಕ್ಕೆ ಸಂಖ್ಯೆ ಓದು, 10ಕ್ಕೆ ಮುಗಿಸು. ಯಾವ ಓಎಸ್‌ಗೂ ಇದರ ಸಂಬಂಧ ಇಲ್ಲ. 32 ಬಿಟ್ ಮಿಪ್ಸ್ ಲಿನಕ್ಸ್‌ನಲ್ಲಿ ರೈಟ್‌ನ ನಂಬರ್ 4004. ಪರೀಕ್ಷೆಗೆ ಸ್ಪಿಮ್ ಸಾಕು, ಪ್ರಾಜೆಕ್ಟ್‌ಗೆ ಸಾಲದು.

ಸೆಮಿಹೋಸ್ಟಿಂಗ್ ಅಂದ್ರೂ ಇದೇನಾ?

ಉದ್ದೇಶ ಒಂದೇ, ಒಪ್ಪಂದ ಬೇರೆ. ಮೇಲೆ ಹೇಳಿದ್ದರಲ್ಲಿ ಗೆಸ್ಟ್‌ಗೆ ತಾನು ಲಿನಕ್ಸ್ ಮೇಲಿದ್ದೇನೆ ಎಂಬ ನಂಬಿಕೆ. ಸೆಮಿಹೋಸ್ಟಿಂಗ್‌ನಲ್ಲಿ ಗೆಸ್ಟ್‌ಗೆ ಓಎಸ್ ಇಲ್ಲ ಎಂದು ಗೊತ್ತು. ಅದು ಡಿಬಗ್ಗರ್ ಅಥವಾ ಎಮ್ಯುಲೇಟರನ್ನೇ ನೇರವಾಗಿ ಕೇಳುತ್ತದೆ. ಇದು ಬಂದದ್ದು ಆರ್ಮ್ ಕಡೆಯಿಂದ. ಕೆಲಸದ ನಂಬರ್ ಆರ್0ಯಲ್ಲಿ, ಉಳಿದ ವಿವರ ಇರುವ ಮೆಮೊರಿ ವಿಳಾಸ ಆರ್1ರಲ್ಲಿ. ಓಪನ್‌ಗೆ 1, ರೈಟ್‌ಗೆ 5. ಆರ್ಮ್‌ನ ಕಾರ್ಟೆಕ್ಸ್-ಎಂ ಚಿಪ್‌ಗಳಲ್ಲಿ ಎಬಿ ಎಂಬ ಹೆಕ್ಸ್ ಸಂಖ್ಯೆ ಹೊತ್ತ ಬ್ರೇಕ್‌ಪಾಯಿಂಟ್ ಇನ್‌ಸ್ಟ್ರಕ್ಷನ್ ಅದರ ಗುರುತು. ರಿಸ್ಕ್-ಫೈವ್‌ನಲ್ಲಿ ಸಾಮಾನ್ಯ ಇಬ್ರೇಕ್‌ಗೂ ಇದಕ್ಕೂ ಗೊಂದಲ ಆಗಬಾರದೆಂದು ಇಬ್ರೇಕ್‌ನ ಹಿಂದೊಂದು ಮುಂದೊಂದು, ಯಾವ ಪರಿಣಾಮವೂ ಇಲ್ಲದ ಶಿಫ್ಟ್ ಇನ್‌ಸ್ಟ್ರಕ್ಷನ್ ಇಡುತ್ತಾರೆ.

ಎಮ್ಯುಲೇಟರ್‌ನಲ್ಲಿ ಚೆನ್ನಾಗಿ ಓಡ್ತು. ಬೋರ್ಡ್‌ಗೆ ಹಾಕಿ ಪವರ್ ಕೊಟ್ರೆ ಸುಮ್ನೆ ನಿಂತುಬಿಡುತ್ತೆ.

ಸೆಮಿಹೋಸ್ಟಿಂಗ್ ಲೈಬ್ರರಿ ಹಾಗೇ ಉಳಿದಿದೆಯಾ ನೋಡಿ. ಬೋರ್ಡ್‌ಗೆ ಡಿಬಗ್ಗರ್ ತಾಗಿರದಿದ್ದರೆ ಆ ಬ್ರೇಕ್‌ಪಾಯಿಂಟ್ ಕೇಳುವವರಿಲ್ಲ. ಕಾರ್ಟೆಕ್ಸ್-ಎಂ ಆಗಿದ್ದರೆ ಮೊದಲ ಪ್ರಿಂಟ್‌ಎಫ್‌ಗೇ ಹಾರ್ಡ್‌ಫಾಲ್ಟ್, ಅಂದರೆ ಪ್ರೋಗ್ರಾಂ ಮುಂದೆ ಹೋಗಲಾಗದ ದೋಷ. ಬೋರ್ಡ್‌ಗೆ ಕೊಡುವ ಬಿಲ್ಡ್‌ನಲ್ಲಿ ಅದನ್ನು ತೆಗೆದು, ಔಟ್‌ಪುಟ್ ಅನ್ನು ಸೀರಿಯಲ್ ಪೋರ್ಟ್‌ಗೆ ತಿರುಗಿಸಿ.

## ಕೋಡ್ ಬರೆಯಲು ಕೂತವರಿಗೆ

ಗೆಸ್ಟ್ ಕೊಟ್ಟ ನಂಬರನ್ನ ಹಾಗೇ ಹೋಸ್ಟ್‌ಗೆ ಕಳಿಸಿದ್ರೆ ಆಯ್ತಲ್ಲ?

ದಯವಿಟ್ಟು ಬೇಡ. ಎರಡೂ ಲಿನಕ್ಸೇ ಆದರೂ ನಂಬರ್ ಬೇರೆ. ರಿಸ್ಕ್-ಫೈವ್‌ನಲ್ಲಿ 64 ರೈಟ್. ಇಂಟೆಲ್ 64 ಬಿಟ್‌ನಲ್ಲಿ ರೈಟ್ 1, 64 ಎಂದರೆ ಸೆಮಾಫೋರ್‌ಗೆ ಸೇರಿದ ಬೇರೆಯೇ ಕಾಲ್. ರಿಸ್ಕ್-ಫೈವ್‌ನ 57 ಫೈಲ್ ಮುಚ್ಚುವುದು. ಇಂಟೆಲ್‌ನಲ್ಲಿ 57 ಫೋರ್ಕ್. ಅಂದರೆ ಪಾಪದ ಪ್ರೋಗ್ರಾಂ ಒಂದು ಫೈಲ್ ಮುಚ್ಚಿದರೆ ನಿಮ್ಮ ಸಿಮ್ಯುಲೇಟರ್ ಎರಡಾಗುತ್ತದೆ! ಇನ್ನೂ ಒಳ್ಳೆಯದು 62. ರಿಸ್ಕ್-ಫೈವ್‌ನಲ್ಲಿ ಅದು ಎಲ್‌ಸೀಕ್, ಇಂಟೆಲ್‌ನಲ್ಲಿ ಕಿಲ್. ಮೂರನೇ ಫೈಲ್‌ನಲ್ಲಿ ಒಂಬತ್ತನೇ ಬೈಟ್‌ಗೆ ಹೋಗು ಎಂದು ಗೆಸ್ಟ್ ಕೇಳಿದರೆ, ಮೂರನೇ ನಂಬರಿನ ಪ್ರೋಸೆಸ್‌ಗೆ 9ನೇ ಸಿಗ್ನಲ್ (ಕೂಡಲೇ ಸಾಯಿಸುವುದು) ಕಳಿಸು ಎಂದು ಹೋಸ್ಟ್ ಓದಿಕೊಳ್ಳುತ್ತದೆ. ರೂಟ್ ಆಗಿ ಓಡಿಸದಿದ್ದರೆ ಪರ್ಮಿಷನ್ ಇಲ್ಲ ಎಂದು ಬೈಸಿಕೊಂಡು ಬಚಾವ್ ಆಗುತ್ತೀರಿ, ಅಷ್ಟೆ.

ಪ್ರತಿ ಗೆಸ್ಟ್ ನಂಬರ್‌ಗೂ ನಿಮ್ಮದೇ ಒಂದು ಫಂಕ್ಷನ್ ಇರಲಿ. ಅದು ಹೋಸ್ಟ್‌ನ ಸಿ ಲೈಬ್ರರಿಯನ್ನು ಕರೆಯಲಿ.

ಪಾಯಿಂಟರ್ ಕೊಟ್ಟಾಗ ಸೆಗ್‌ಫಾಲ್ಟ್ ಆಗುತ್ತೆ. ಸಿಮ್ಯುಲೇಟರೇ ಬಿದ್ದುಹೋಗುತ್ತೆ, ಗೆಸ್ಟ್ ಅಲ್ಲ.

ಎ1ರಲ್ಲಿರುವುದು ಗೆಸ್ಟ್‌ನ ವಿಳಾಸ. ನಿಮ್ಮ ಪ್ರೋಸೆಸ್‌ನಲ್ಲಿ ಆ ವಿಳಾಸಕ್ಕೆ ಅರ್ಥವೇ ಇಲ್ಲ. ಗೆಸ್ಟ್ ಮೆಮೊರಿಯನ್ನು ಒಂದೇ ದೊಡ್ಡ ಅರೇ ಆಗಿ ಇಟ್ಟಿದ್ದರೆ ಬೇಸ್ ಕೂಡಿಸಿದರೆ ಸಾಕು. ಪೇಜ್ ಪೇಜ್ ಆಗಿ ಇಟ್ಟಿದ್ದರೆ ಬಫರ್ ಎರಡು ಪೇಜ್‌ಗೆ ಹರಡಿರಬಹುದು, ತುಂಡು ತುಂಡಾಗಿ ನಕಲು ಮಾಡಬೇಕು. ವಿಳಾಸ ಮತ್ತು ಉದ್ದ ಎರಡೂ ಗಡಿಯೊಳಗಿವೆಯಾ ಎಂದು ನೋಡದೆ ಮುಟ್ಟಬೇಡಿ. ಗಡಿ ಮೀರಿದ್ದರೆ ನಿಜವಾದ ಕರ್ನಲ್ ಮಾಡುವುದನ್ನೇ ಮಾಡಿ: ಎ0ದಲ್ಲಿ ಮೈನಸ್ 14 ಇಟ್ಟು ವಾಪಸ್ ಬನ್ನಿ. ಅದು ಕೆಟ್ಟ ವಿಳಾಸ ಎಂಬ ಎರರ್.

ಬರೆಯೋಕೆ ಅಂತ ಫೈಲ್ ಓಪನ್ ಮಾಡಿದ್ರೆ 'ಅಂಥ ಫೈಲ್ ಇಲ್ಲ' ಅನ್ನುತ್ತೆ. ಇಲ್ಲ ಅಂತಾನೇ ಅಲ್ವಾ ಹೊಸದಾಗಿ ಮಾಡ್ತಿರೋದು?

ಇದು ಹೆಚ್ಚು ಜನ ಸಿಕ್ಕಿಬೀಳುವ ಜಾಗ, ಸ್ವಲ್ಪ ನಿಧಾನವಾಗಿ ನೋಡೋಣ. ನಿಮ್ಮ ಗೆಸ್ಟ್ ಬೈನರಿ ನ್ಯೂಲಿಬ್ ಲೈಬ್ರರಿಯಿಂದ ಕಟ್ಟಿದ್ದು ಎಂದುಕೊಳ್ಳಿ. ಬೇರ್‌ಮೆಟಲ್ ಕಂಪೈಲರ್‌ಗಳಲ್ಲಿ ಸಾಮಾನ್ಯವಾಗಿ ಅದೇ ಇರುತ್ತದೆ. ಫೈಲ್ ಹೇಗೆ ತೆರೆಯಬೇಕು ಎಂದು ಹೇಳುವ ಬಿಟ್‌ಗಳೇ ಫ್ಲ್ಯಾಗ್. ನ್ಯೂಲಿಬ್ ತನ್ನ ಫ್ಲ್ಯಾಗ್‌ಗಳನ್ನು ತೆಗೆದುಕೊಂಡದ್ದು ಬಿಎಸ್‌ಡಿ ಎಂಬ ಯುನಿಕ್ಸ್ ಸಂಪ್ರದಾಯದಿಂದ. ಅಲ್ಲಿ ಫೈಲ್ ಹೊಸದಾಗಿ ಮಾಡು ಎಂಬ ಕ್ರಿಯೇಟ್ ಹೆಕ್ಸ್ 200, ಖಾಲಿ ಮಾಡು ಎಂಬ ಟ್ರಂಕೇಟ್ ಹೆಕ್ಸ್ 400, ಕೊನೆಗೆ ಸೇರಿಸು ಎಂಬ ಅಪೆಂಡ್ 8. ಲಿನಕ್ಸ್‌ನಲ್ಲಿ ಕ್ರಿಯೇಟ್ ಹೆಕ್ಸ್ 40, ಟ್ರಂಕೇಟ್ ಹೆಕ್ಸ್ 200, ಅಪೆಂಡ್ ಹೆಕ್ಸ್ 400.

ಈಗ ಗೆಸ್ಟ್ ರೈಟ್ ಮೋಡ್‌ನಲ್ಲಿ ಎಫ್ಓಪನ್ ಮಾಡುತ್ತದೆ. ಹೋಗುವುದು ಬರೆ, ಕ್ರಿಯೇಟ್, ಟ್ರಂಕೇಟ್. ಬದಲಾಯಿಸದೆ ಕಳಿಸಿದರೆ ಲಿನಕ್ಸ್ ಓದುವುದು ಬರೆ, ಟ್ರಂಕೇಟ್, ಅಪೆಂಡ್. ಕ್ರಿಯೇಟ್ ಮಾಯ. ಹಾಗಾಗಿ ಫೈಲ್ ಇಲ್ಲ ಎನ್ನುತ್ತದೆ. ಫೈಲ್ ಮೊದಲೇ ಇದ್ದರೆ ಎಲ್ಲ ಸರಿಯಾಗೇ ನಡೆದಂತೆ ಕಾಣುತ್ತದೆ. 'ನನ್ನ ಲ್ಯಾಪ್‌ಟಾಪ್‌ನಲ್ಲಿ ಓಡುತ್ತೆ, ಅವನದರಲ್ಲಿ ಓಡಲ್ಲ' ಎಂಬ ಜಗಳ ಶುರುವಾಗುವುದು ಇಲ್ಲೇ.

ಇದಕ್ಕಿಂತ ಕೆಟ್ಟದ್ದು ಅಪೆಂಡ್ ಮೋಡ್. ಕಾಫಿ ತೋಟದವರು ದಿನಾ ಬೆಳಿಗ್ಗೆ ಮಳೆ ಅಳೆದು ಇಂಚು, ಸೆಂಟ್ ಲೆಕ್ಕದಲ್ಲಿ ಬರೆದಿಡುತ್ತಾರಲ್ಲ, ಅಂಥದ್ದೊಂದು ಫೈಲ್ ಇದೆ, ಗೆಸ್ಟ್ ಪ್ರೋಗ್ರಾಂ ಇವತ್ತಿನ ಒಂದು ಸಾಲು ಸೇರಿಸಬೇಕು ಎನ್ನಿ. ಅದು ಕಳಿಸುವುದು ಬರೆ, ಕ್ರಿಯೇಟ್, ಅಪೆಂಡ್. ಲಿನಕ್ಸ್‌ಗೆ ಕಾಣುವುದು ಬರೆ, ಟ್ರಂಕೇಟ್, ಜೊತೆಗೆ ಅರ್ಥವಿಲ್ಲದ ಒಂದು ಬಿಟ್. ವರ್ಷದ ಮಳೆ ಲೆಕ್ಕ ಪೂರ್ತಿ ಅಳಿಸಿ, ಇವತ್ತಿನ ಸಾಲು ಮಾತ್ರ ಉಳಿಯುತ್ತದೆ. ಎರರ್ ಒಂದೂ ಬರುವುದಿಲ್ಲ.

ತಿರುಗಾ ಮುರುಗಾ ಕೂಡ ಹೀಗೇ. ಮ್ಯಾಕ್‌ನ ಫ್ಲ್ಯಾಗ್‌ಗಳೂ ಬಿಎಸ್‌ಡಿಯವೇ. ಲಿನಕ್ಸ್ ಗೆಸ್ಟ್ ಅನ್ನು ಮ್ಯಾಕ್ ಮೇಲೆ ಓಡಿಸಿದರೆ ಲಿನಕ್ಸ್‌ನ ಅಪೆಂಡ್ ಅಲ್ಲಿ ಟ್ರಂಕೇಟ್ ಆಗುತ್ತದೆ. ಒಂದೊಂದು ಬಿಟ್ ನೋಡಿ ಬದಲಾಯಿಸುವ ಚಿಕ್ಕ ಫಂಕ್ಷನ್ ಬರೆಯಿರಿ. ಗೊತ್ತಿಲ್ಲದ ಬಿಟ್ ಬಂದರೆ ಮುಂದೆ ಕಳಿಸಬೇಡಿ, ನಿಲ್ಲಿಸಿ ಹೇಳಿ.

ಫೈಲ್ ಸೈಜ್ ಸರಿಯಾಗಿ ಬರುತ್ತೆ. ಆದ್ರೆ ಪ್ರಿಂಟ್‌ಎಫ್ ಮಾಡಿದ್ದು ಪ್ರೋಗ್ರಾಂ ಮುಗಿದ ಮೇಲೇ ಕಾಣುತ್ತೆ. ಎರಡಕ್ಕೂ ಸಂಬಂಧ ಇದೆಯಾ?

ಇದೆ. ನೀವು ಫೈಲ್‌ನ ವಿವರ ಇರುವ ಹೋಸ್ಟ್‌ನ ಸ್ಟ್ಯಾಟ್ ರಚನೆಯನ್ನು ಹಾಗೇ ಗೆಸ್ಟ್ ಮೆಮೊರಿಗೆ ನಕಲು ಮಾಡಿರಬೇಕು. ಇಂಟೆಲ್ 64 ಬಿಟ್ ಲಿನಕ್ಸ್‌ನಲ್ಲಿ ಅದು 144 ಬೈಟ್, ರಿಸ್ಕ್-ಫೈವ್ ಲಿನಕ್ಸ್‌ನಲ್ಲಿ 128. ಸೈಜ್ ಎರಡರಲ್ಲೂ 48ನೇ ಬೈಟ್‌ನಲ್ಲಿದೆ, ಅದಕ್ಕೇ ಸರಿ ಬಂತು. ಫೈಲ್ ಯಾವ ಬಗೆಯದು ಎಂದು ಹೇಳುವ ಮೋಡ್ ಮಾತ್ರ ಇಂಟೆಲ್‌ನಲ್ಲಿ 24ರಲ್ಲಿ, ರಿಸ್ಕ್-ಫೈವ್‌ನಲ್ಲಿ 16ರಲ್ಲಿ. ಗೆಸ್ಟ್ 16ರಲ್ಲಿ ನೋಡಿದರೆ ಸಿಗುವುದು ಹೋಸ್ಟ್‌ನ ಲಿಂಕ್ ಎಣಿಕೆ, ಸಾಮಾನ್ಯವಾಗಿ 1.

ಸಿ ಲೈಬ್ರರಿ ಮೊದಲ ಸಲ ಪ್ರಿಂಟ್‌ಎಫ್ ಮಾಡುವಾಗ ಔಟ್‌ಪುಟ್ ಟರ್ಮಿನಲ್‌ಗಾ ಫೈಲ್‌ಗಾ ಎಂದು ಈ ಮೋಡ್ ನೋಡಿಯೇ ತಿಳಿಯುತ್ತದೆ. ಟರ್ಮಿನಲ್ ಅಲ್ಲ ಎನಿಸಿದರೆ ಸಾಲು ಮುಗಿದಾಗಲೂ ಬರೆಯದೆ ಬಫರ್ ತುಂಬುವವರೆಗೆ ಕಾಯುತ್ತದೆ. ರಚನೆಯನ್ನು ಒಂದೊಂದು ಫೀಲ್ಡ್ ಆಗಿ, ಗೆಸ್ಟ್ ಲೈಬ್ರರಿಯ ಲೆಕ್ಕದಲ್ಲಿ ತುಂಬಿ. ಪ್ರಿಂಟ್‌ಎಫ್ ತಾನಾಗಿ ಸರಿಹೋಗುತ್ತದೆ.

ಎರರ್ ನಂಬರ್‌ಗಳನ್ನೂ ಬದಲಾಯಿಸಬೇಕಾ?

ಲಿನಕ್ಸ್ ಮೇಲೆ ರಿಸ್ಕ್-ಫೈವ್ ಲಿನಕ್ಸ್ ಆದರೆ ಬೇಡ. ಮ್ಯಾಕ್ ಹೋಸ್ಟ್ ಆದರೆ ಬೇಕು. 'ಆಮೇಲೆ ಪ್ರಯತ್ನಿಸು' ಎಂಬ ಎರರ್ ಲಿನಕ್ಸ್‌ನಲ್ಲಿ 11, ಮ್ಯಾಕ್‌ನಲ್ಲಿ 35. ಇನ್ನೊಂದು ಮಾತು: ಹೋಸ್ಟ್‌ನ ಸಿ ಲೈಬ್ರರಿ ಮೈನಸ್ 1 ಕೊಟ್ಟು ನಂಬರನ್ನು ಎರ್‌ನೊ ಎಂಬ ವೇರಿಯಬಲ್‌ನಲ್ಲಿ ಇಡುತ್ತದೆ. ಗೆಸ್ಟ್ ಎ0ದಲ್ಲಿ ನಿರೀಕ್ಷಿಸುವುದು ಆ ನಂಬರಿನ ಮೈನಸ್. ಮೈನಸ್ 1ನ್ನೇ ಕೊಟ್ಟರೆ ಪ್ರತಿ ತಪ್ಪೂ 'ಪರ್ಮಿಷನ್ ಇಲ್ಲ' ಆಗಿ ಕಾಣುತ್ತದೆ.

ಮಾಲಾಕ್ ಮಾಡಿದಾಗ ಬರೋ ಬಿಆರ್‌ಕೆ ಕಾಲ್‌ನೂ ಹೋಸ್ಟ್‌ಗೆ ಕಳಿಸಲಾ?

ಇಲ್ಲ. ಒಂದು ಗೆರೆ ಎಳೆದುಕೊಳ್ಳಿ. ಫೈಲ್, ಟರ್ಮಿನಲ್ ಇವೆಲ್ಲ ಹೊರಗಿನವು, ಹೋಸ್ಟ್ ಬೇಕು. ಮೆಮೊರಿ, ಪ್ರೋಸೆಸ್, ಥ್ರೆಡ್ ಇವು ಗೆಸ್ಟ್‌ನ ಒಳಗಿನವು, ನೀವೇ ನಿಭಾಯಿಸಬೇಕು. ಬಿಆರ್‌ಕೆ ಎಂದರೆ ಪ್ರೋಗ್ರಾಂನ ಮೆಮೊರಿ ದೊಡ್ಡದು ಮಾಡು ಎಂದು ಕೇಳುವುದು. ಅದನ್ನು ಕಳಿಸಿದರೆ ದೊಡ್ಡದಾಗುವುದು ಸಿಮ್ಯುಲೇಟರ್‌ನ ಮೆಮೊರಿ, ಗೆಸ್ಟ್‌ನದಲ್ಲ. ಎಕ್ಸಿಟ್ ಕಳಿಸಿದರೆ ಸಿಮ್ಯುಲೇಟರೇ ಮುಗಿಯುತ್ತದೆ, ನೀವು ಕಾದು ಕೂತಿದ್ದ ಸೈಕಲ್ ಲೆಕ್ಕ ಪ್ರಿಂಟ್ ಆಗುವುದೇ ಇಲ್ಲ. ಗೆಸ್ಟ್ 1ನೇ ಫೈಲ್ ನಂಬರ್ ಮುಚ್ಚಿದರೂ ಇದೇ ಪಾಡು, ಆಮೇಲೆ ನಿಮ್ಮ ಔಟ್‌ಪುಟ್‌ಗೆ ದಾರಿ ಇರುವುದಿಲ್ಲ. ಗೆಸ್ಟ್‌ನ ಫೈಲ್ ನಂಬರ್‌ಗಳಿಗೆ ಬೇರೆ ಪಟ್ಟಿ ಇಡುವುದು ಅದಕ್ಕೇ.

ಫೈಲ್ ಹೆಸರು ಕನ್ನಡದಲ್ಲಿ ಇಟ್ಟಿದ್ದೀನಿ. ಸಿಮ್ಯುಲೇಟರ್ ಒಳಗಿಂದ ತೆರೆಯುತ್ತಾ?

ಲಿನಕ್ಸ್ ಹೋಸ್ಟ್ ಆದರೆ ತೆರೆಯುತ್ತದೆ. ಕರ್ನಲ್‌ಗೆ ಹೆಸರು ಎಂದರೆ ಬರೀ ಬೈಟ್‌ಗಳು. 'ಮಳೆ' ಎಂಬುದು ಯುಟಿಎಫ್-8ರಲ್ಲಿ 9 ಬೈಟ್, ಒಂದೊಂದು ಕೋಡ್‌ಗೆ 3. ಅದನ್ನು ಮುಟ್ಟದೆ ದಾಟಿಸಿದರೆ ಸಾಕು. ಎಕ್ಸ್ಟ್4 ಫೈಲ್ ಸಿಸ್ಟಂನಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಕನ್ನಡದಲ್ಲಿ 85 ಕೋಡ್‌ಗೇ ಅದು ಮುಗಿಯುತ್ತದೆ, ಒತ್ತಕ್ಷರ ಜಾಸ್ತಿ ಇದ್ದರೆ ಕಾಣುವ ಅಕ್ಷರ ಇನ್ನೂ ಕಡಿಮೆ. ವಿಂಡೋಸ್ ಹೋಸ್ಟ್ ಆದರೆ ಯುಟಿಎಫ್-16ಕ್ಕೆ ಬದಲಾಯಿಸಿ ಕೊಡಬೇಕು.

## ಆಳಕ್ಕೆ ಇಳಿದವರಿಗೆ

ನಾನು ಬರೆಯದ ಸಿಸ್ಟಂ ಕಾಲ್ ಬಂದ್ರೆ ಏನು ಮಾಡಲಿ? ಸೊನ್ನೆ ಕೊಟ್ರೆ ಮುಂದೆ ಹೋಗುತ್ತೆ.

ಹೋಗುತ್ತದೆ, ಎಲ್ಲಿಗೆ ಎಂಬುದೇ ಪ್ರಶ್ನೆ. ಸೊನ್ನೆ ಎಂದರೆ 'ಆಯಿತು' ಎಂದು. ಆಗದ್ದನ್ನು ಆಯಿತು ಎಂದರೆ ತಪ್ಪು ಸಾವಿರಾರು ಇನ್‌ಸ್ಟ್ರಕ್ಷನ್ ಆದಮೇಲೆ ಬೇರೆಲ್ಲೋ ಕಾಣಿಸಿಕೊಳ್ಳುತ್ತದೆ. ಮೈನಸ್ 38 ಕೊಡಿ. ಲಿನಕ್ಸ್‌ನಲ್ಲಿ ಅದು 'ಈ ಕಾಲ್ ಇಲ್ಲ' ಎಂಬ ಎರರ್. ಲಿನಕ್ಸ್‌ನ ಸಾಮಾನ್ಯ ಸಿ ಲೈಬ್ರರಿಯಾದ ಜಿಲಿಬ್‌ಸಿ ಶುರುವಾಗುವಾಗ ಕೇಳುವ ಕೆಲವು ಹೊಸ ಕಾಲ್‌ಗಳು ಇಲ್ಲ ಎಂದರೂ ಅದು ಹೊಂದಿಕೊಳ್ಳುತ್ತದೆ. ಹಳೆಯ ಕರ್ನಲ್‌ಗಳ ಮೇಲೂ ಅದು ಓಡಬೇಕಲ್ಲ. ಜೊತೆಗೆ ನಂಬರ್ ಮತ್ತು ಪ್ರೋಗ್ರಾಂ ಕೌಂಟರ್ ಎರಡನ್ನೂ ಸ್ಕ್ರೀನ್ ಮೇಲೆ ಬರೆಯಿರಿ.

ಈ ಮೋಡ್‌ನಲ್ಲಿ ಬಂದ ಸೈಕಲ್ ಲೆಕ್ಕನ ರಿಪೋರ್ಟ್‌ನಲ್ಲಿ ಹಾಕಬಹುದಾ?

ಪ್ರೋಗ್ರಾಂ ಯಾವುದು ಎಂಬುದರ ಮೇಲೆ. ಹೋಸ್ಟ್ ಮಾಡಿದ ಕೆಲಸ ಸಿಮ್ಯುಲೇಟರ್ ಗಡಿಯಾರದಲ್ಲಿ ಹೆಚ್ಚುಕಡಿಮೆ ಸೊನ್ನೆ ಸಮಯ. ಒಂದು ಎಂಬಿ ಓದಿದರೂ ಅಷ್ಟೇ, ಒಂದು ಬೈಟ್ ಓದಿದರೂ ಅಷ್ಟೇ. ನಿಜವಾದ ಕರ್ನಲ್ ಓಡಿದ್ದರೆ ಅದು ಕ್ಯಾಶ್‌ನಲ್ಲಿ ನಿಮ್ಮ ಡೇಟಾ ತಳ್ಳಿ ತನ್ನದನ್ನು ತುಂಬುತ್ತಿತ್ತು, ಪೇಜ್ ವಿಳಾಸಗಳನ್ನು ನೆನಪಿಡುವ ಟಿಎಲ್‌ಬಿ ಕೆಡಿಸುತ್ತಿತ್ತು, ಪೇಜ್ ಫಾಲ್ಟ್‌ಗಳನ್ನು ನಿಭಾಯಿಸುತ್ತಿತ್ತು. ಅದ್ಯಾವುದೂ ಲೆಕ್ಕಕ್ಕೆ ಬಂದಿಲ್ಲ.

ಮ್ಯಾಟ್ರಿಕ್ಸ್, ಸಾರ್ಟಿಂಗ್, ಇಮೇಜ್ ಫಿಲ್ಟರ್‌ನಂಥವಕ್ಕೆ ಧೈರ್ಯವಾಗಿ ಹಾಕಿ, ಅವು ಕರ್ನಲ್‌ಗೆ ಹೋಗುವುದೇ ಅಪರೂಪ. ಡೇಟಾಬೇಸ್, ವೆಬ್ ಸರ್ವರ್, ಚಿಕ್ಕ ಚಿಕ್ಕ ಫೈಲ್ ನೂರಾರು ತೆರೆಯುವ ಪ್ರೋಗ್ರಾಂ ಆದರೆ ಆ ಸಂಖ್ಯೆಗೆ ಬೆಲೆ ಇಲ್ಲ. ಅಂಥದ್ದಕ್ಕೆ ಇಡೀ ಓಎಸ್ ಓಡಿಸಲೇಬೇಕು. ಯಾವ ಮೋಡ್ ಎಂಬುದನ್ನು ರಿಪೋರ್ಟ್‌ನಲ್ಲಿ ಗ್ರಾಫ್ ಪಕ್ಕದಲ್ಲೇ ಬರೆಯಿರಿ. ವೈವಾದಲ್ಲಿ ಹೊರಗಿನಿಂದ ಬಂದವರು ಕೇಳುವುದು ಅದನ್ನೇ.

ಒಂದೇ ಪ್ರೋಗ್ರಾಂ, ಒಂದೇ ಇನ್‌ಪುಟ್. ಪ್ರತಿ ಸಲ ಸೈಕಲ್ ಲೆಕ್ಕ ಸ್ವಲ್ಪ ಸ್ವಲ್ಪ ಬೇರೆ ಬರ್ತಿದೆ.

ಹೋಸ್ಟ್‌ನಿಂದ ಏನೋ ಒಳಗೆ ಸೋರುತ್ತಿದೆ. ಮೊದಲ ಅನುಮಾನ ಗಡಿಯಾರ. ಗೆಸ್ಟ್ ಸಮಯ ಕೇಳಿದಾಗ ಗೋಡೆ ಗಡಿಯಾರದ ಸಮಯ ಕೊಡಬೇಡಿ, ಸಿಮ್ಯುಲೇಟ್ ಆದ ಸೈಕಲ್‌ನಿಂದ ಲೆಕ್ಕ ಹಾಕಿ ಕೊಡಿ. ಜೆಮ್5 ಎಸ್‌ಇ ಮೋಡ್ ಹೀಗೇ ಮಾಡುತ್ತದೆ. ಅದು ಯುನಿಕ್ಸ್ ಎಣಿಕೆಯ ನೂರು ಕೋಟಿ ಸೆಕೆಂಡಿನಿಂದ ಶುರು ಮಾಡುವುದರಿಂದ ಒಳಗಿನ ಪ್ರೋಗ್ರಾಂಗೆ ಯಾವಾಗಲೂ 2001ರ ಸೆಪ್ಟೆಂಬರ್ 9. ದಿನಾಂಕ ತಪ್ಪು ಎಂದು ಗಾಬರಿ ಆಗಬೇಡಿ.

ಆಮೇಲೆ ರ‍್ಯಾಂಡಮ್ ಬೈಟ್‌ಗಳು. ಅವನ್ನು ಸ್ಥಿರ ಸೀಡ್‌ನಿಂದ ಕೊಡಿ. ಪ್ರೋಗ್ರಾಂ ಶುರುವಾಗುವಾಗ ಸ್ಟ್ಯಾಕ್ ಮೇಲೆ ಇಡುವ 16 ರ‍್ಯಾಂಡಮ್ ಬೈಟ್ ಮರೆಯಬೇಡಿ. ಹೋಸ್ಟ್‌ನ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳನ್ನು ಗೆಸ್ಟ್‌ಗೆ ನಕಲು ಮಾಡಿದ್ದರೆ ಸ್ಟ್ಯಾಕ್ ಶುರುವಾಗುವ ಜಾಗ ಬದಲಾಗಿ ಕ್ಯಾಶ್ ಲೆಕ್ಕ ಏರುಪೇರಾಗುತ್ತದೆ. ಬೇರೆ ಫೋಲ್ಡರ್‌ನಿಂದ ಓಡಿಸಿದಾಗ ಮಾತ್ರ ಲೆಕ್ಕ ಬದಲಾದರೆ ಇದೇ ಕಾರಣ ಇರಬಹುದು.

ಎರಡು ಥ್ರೆಡ್ ಹಾಕಿದ ಕೂಡಲೇ ಸಿಮ್ಯುಲೇಟರ್ ಅಲ್ಲಾಡದೆ ಕೂರುತ್ತೆ.

ಥ್ರೆಡ್‌ಗಳು ಲಾಕ್‌ಗಾಗಿ ಕಾಯಲು ಬಳಸುವ ಫ್ಯೂಟೆಕ್ಸ್ ಎಂಬ ಕಾಲ್ ಅನ್ನು ಹೋಸ್ಟ್‌ಗೆ ಕಳಿಸಿದ್ದೀರಿ. ಮೊದಲ ಗೆಸ್ಟ್ ಥ್ರೆಡ್ ಲಾಕ್‌ಗಾಗಿ ಕಾಯಲು ಹೋದರೆ ನಿಮ್ಮ ಸಿಮ್ಯುಲೇಟರೇ ಮಲಗಿತು. ಲಾಕ್ ಬಿಡಬೇಕಾದ ಎರಡನೇ ಥ್ರೆಡ್ ಓಡಿಸಬೇಕಾದ್ದೂ ಅದೇ ಸಿಮ್ಯುಲೇಟರ್ ಅಲ್ವಾ? ಎಬ್ಬಿಸುವವರಿಲ್ಲ. ಕಾಯುವ ಯಾವ ಕಾಲ್ ಆದರೂ ಈ ಅಪಾಯ ಇದೆ, ಎರಡು ಗೆಸ್ಟ್ ಪ್ರೋಸೆಸ್ ನಡುವಿನ ಪೈಪ್ ಓದುವುದೂ ಸೇರಿ. ಕಾಯುವ ಥ್ರೆಡ್‌ಗಳ ಪಟ್ಟಿಯನ್ನು ನೀವೇ ಇಟ್ಟು, ಆ ಥ್ರೆಡ್ ಬದಿಗೆ ಸರಿಸಿ ಬೇರೆಯದನ್ನು ಓಡಿಸಿ.

ಕ್ಯೂಎಮು ಯೂಸರ್ ಮೋಡ್‌ಗೆ ಈ ತಾಪತ್ರಯ ಇಲ್ಲ, ಅದು ಪ್ರತಿ ಗೆಸ್ಟ್ ಥ್ರೆಡ್‌ಗೂ ಒಂದು ಹೋಸ್ಟ್ ಥ್ರೆಡ್ ಕೊಡುತ್ತದೆ. ಸೈಕಲ್ ಎಣಿಸುವ ಸಿಮ್ಯುಲೇಟರ್‌ಗೆ ಆ ದಾರಿ ಹಿಡಿಸುವುದಿಲ್ಲ. ಯಾವ ಥ್ರೆಡ್ ಮೊದಲು ಎಂಬುದನ್ನು ಹೋಸ್ಟ್ ತೀರ್ಮಾನಿಸಿದರೆ ಲೆಕ್ಕ ಮತ್ತೆ ಪ್ರತಿ ಸಲ ಬದಲಾಗುತ್ತದೆ.

ಯಾರೋ ಕೊಟ್ಟ ಬೈನರಿನ ಸಿಮ್ಯುಲೇಟರ್ ಒಳಗೆ ಓಡಿಸಿದ್ರೆ ನನ್ನ ಲ್ಯಾಪ್‌ಟಾಪ್‌ಗೆ ಏನೂ ಆಗಲ್ಲ ತಾನೇ?

ಆಗಬಹುದು. ಸಿಮ್ಯುಲೇಟರ್ ಎಂದರೆ ಬೇಲಿ ಎಂದು ತುಂಬಾ ಜನ ನಂಬಿದ್ದಾರೆ. ಈ ಮೋಡ್‌ನಲ್ಲಿ ಆ ಬೇಲಿಗೆ ನೀವೇ ಗೇಟ್ ಇಟ್ಟು ತೆರೆದಿದ್ದೀರಿ. ನಿಮ್ಮ ಹೆಸರಿನಲ್ಲಿ ಓಡುವ ಸಿಮ್ಯುಲೇಟರ್ ಮುಟ್ಟಬಲ್ಲ ಪ್ರತಿ ಫೈಲನ್ನೂ ಗೆಸ್ಟ್ ಮುಟ್ಟಬಲ್ಲದು. ಆರ್ಮ್ ಸೆಮಿಹೋಸ್ಟಿಂಗ್‌ನಲ್ಲಿ ಹೋಸ್ಟ್ ಮೇಲೆ ಕಮಾಂಡ್ ಓಡಿಸುವ ಕಾಲ್ ಕೂಡ ಇದೆ, ಹೆಕ್ಸ್ 12. ಕ್ಯೂಎಮು ದಾಖಲೆಯೇ ಸೆಮಿಹೋಸ್ಟಿಂಗ್ ಅನ್ನು ನಂಬಿಕೆಯ ಗೆಸ್ಟ್‌ಗೆ ಮಾತ್ರ ಕೊಡಿ ಎನ್ನುತ್ತದೆ.

ಫೈಲ್ ಹೆಸರಿನಲ್ಲಿ ಎರಡು ಚುಕ್ಕಿ ಇದೆಯಾ ಎಂದು ಹುಡುಕಿ ತಡೆಯುವುದು ಸಾಲದು, ಸಿಂಬಾಲಿಕ್ ಲಿಂಕ್ ಮೂಲಕ ಹೊರಗೆ ಹೋಗಬಹುದು. ಲಿನಕ್ಸ್ 5.6ರಿಂದ, ಅಂದರೆ 2020ರಿಂದ, ಓಪನ್ಎಟ್2 ಎಂಬ ಕಾಲ್ ಇದೆ. ಒಂದು ಫೋಲ್ಡರನ್ನೇ ರೂಟ್ ಎಂದು ತಿಳಿ, ಅದರಾಚೆ ಹೋಗಬೇಡ ಎಂದು ಅದಕ್ಕೆ ಹೇಳಬಹುದು. ಇಷ್ಟು ಬರೆಯಲು ಸಮಯ ಇಲ್ಲದಿದ್ದರೆ ಸಿಮ್ಯುಲೇಟರನ್ನೇ ಕಂಟೇನರ್ ಒಳಗೆ ಅಥವಾ ಬೇರೆ ಯೂಸರ್ ಆಗಿ ಓಡಿಸಿ. ಲ್ಯಾಬ್ ಸರ್ವರ್‌ನಲ್ಲಂತೂ ಇದು ಬೇಕೇ ಬೇಕು.

ನಾನೇ ಒಂದು ಚಿಕ್ಕ ಸಿಮ್ಯುಲೇಟರ್ ಬರೀತಿದ್ದೀನಿ. ಯಾವ ಕಾಲ್‌ನಿಂದ ಶುರು ಮಾಡಲಿ?

ಎಕ್ಸಿಟ್ 93, ರೈಟ್ 64. ಈ ಎರಡರಿಂದಲೇ ಅಸೆಂಬ್ಲಿಯ ಮೊದಲ ಪ್ರೋಗ್ರಾಂ ಓಡುತ್ತದೆ. ನ್ಯೂಲಿಬ್‌ನ ಪ್ರಿಂಟ್‌ಎಫ್ ಬೇಕಾದರೆ ಎಫ್‌ಸ್ಟ್ಯಾಟ್ 80, ಬಿಆರ್‌ಕೆ 214 ಸೇರಿಸಿ. ಫೈಲ್ ಬೇಕಾದರೆ ರೀಡ್ 63, ಕ್ಲೋಸ್ 57, ಎಲ್‌ಸೀಕ್ 62, ಓಪನ್ಎಟ್ 56. ರಿಸ್ಕ್-ಫೈವ್ ಲಿನಕ್ಸ್‌ನಲ್ಲಿ ಹಳೆಯ ಓಪನ್ ಇಲ್ಲ, ಓಪನ್ಎಟ್ ಮಾತ್ರ. ಜಿಲಿಬ್‌ಸಿ ಬೈನರಿಗಳನ್ನು ಆಮೇಲೆ ನೋಡಿಕೊಳ್ಳಿ, ಅವು ಶುರುವಿನಲ್ಲೇ ಹತ್ತಾರು ಕಾಲ್ ಕೇಳುತ್ತವೆ.

ಉತ್ತರ ಸರಿಯಾ ಎಂದು ನೋಡಲು ಅದೇ ಲಿನಕ್ಸ್ ಬೈನರಿಯನ್ನು ಕ್ಯೂಎಮು ಯೂಸರ್ ಮೋಡ್‌ನಲ್ಲಿ ಎಸ್‌ಟ್ರೇಸ್ ಆಯ್ಕೆ ಹಾಕಿ ಓಡಿಸಿ. ಪ್ರತಿ ಕಾಲ್, ಅದರ ವಿವರ, ಬಂದ ಉತ್ತರ ಸಾಲಾಗಿ ಬರುತ್ತದೆ. ನಿಮ್ಮ ಸಿಮ್ಯುಲೇಟರ್ ಕೂಡ ಅದೇ ರೀತಿ ಬರೆಯುವಂತೆ ಮಾಡಿ, ಎರಡು ಫೈಲ್‌ಗಳನ್ನು ಡಿಫ್ ಮಾಡಿ. ವಿಳಾಸಗಳು ಬೇರೆ ಇರುವುದು ಸಹಜ, ಅವನ್ನು ಬಿಟ್ಟು ನೋಡಿ. ಮೊದಲ ವ್ಯತ್ಯಾಸ ಯಾವ ಸಾಲಿನಲ್ಲಿದೆಯೋ ಅಲ್ಲಿಂದ ಹುಡುಕಲು ಶುರು ಮಾಡಿ.